ಮೂರನೇ ಸಾಲು, ಏಳನೆಯದು

ನನಗೆ ಸಿಟ್ಟು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಕೇಳಿದ ಮೇಲೆ ಯಾರೂ 'ಪಾಪ, ನೀನೇನು ಬೇಕೂಂತ ಮಾಡಿದೆಯಾ' ಎಂದು ನನ್ನ ಬೆನ್ನು ಸವರುವುದು ಬೇಡ. ತಣಿಸಂದ್ರಕ್ಕೆ ಬಂದು ಚನ್ನಕೇಶವ ಯಾರು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಸಿಡುಕ ಚನ್ನ ಎಂದರೆ ಕೈ ಹಿಡಿದು ಮನೆ ಬಾಗಿಲಿಗೇ ತಂದು ಬಿಡುತ್ತಾರೆ. ನಮ್ಮಪ್ಪನಿಗೂ ಇದೇ ಕಾಯಿಲೆ ಇತ್ತು, ಆದರೆ ಅವನ ಸಿಟ್ಟಿನಿಂದ ಕೆಟ್ಟದ್ದು ನಮ್ಮ ಮನೆ ಮಾತ್ರ. ನನ್ನ ಸಿಟ್ಟು ಹೋಗಿ ಮುಟ್ಟಿದ್ದು ನಾನು ಕಣ್ಣಲ್ಲಿ ಕಾಣದ ಒಂದು ದೇಶವನ್ನು.

ಐವತ್ತೆರಡನೇ ಇಸವಿಯಲ್ಲಿ, ಎಸ್ಸೆಸ್ಸೆಲ್ಸಿಯ ಜೊತೆಗೆ ಟೈಪಿಂಗ್ ಲೋಯರ್ ಪಾಸು ಮಾಡಿಕೊಂಡು ನಾನು ಹೆಬ್ಬಾಳದ ಒಂದು ಸಣ್ಣ ಡಿಸ್ಪೆನ್ಸರಿಗೆ ಗುಮಾಸ್ತನಾಗಿ ಸೇರಿದೆ. ಕೆರೆ ಏರಿಯ ಈಚೆಗೆ ಹೆಂಚಿನ ಮನೆ, ಮುಂದೆ ಒಂದು ಜಗಲಿ, ಜಗಲಿಯ ತುಂಬ ಕೆಮ್ಮುವ ಜನ. ಅದನ್ನು ನಡೆಸುತ್ತಿದ್ದವರು ಮಿಸ್ ಹಾರ್‌ಗ್ರೀವ್ ಎಂಬ ಕೆನಡಾ ದೇಶದ ನರ್ಸು. ಆ ಹೆಸರು ನಮ್ಮ ಜನರ ಬಾಯಲ್ಲಿ ಹೊರಳುತ್ತಿರಲಿಲ್ಲ, ಎಲ್ಲರೂ ಮಿಸ್ಸಮ್ಮ ಎನ್ನುತ್ತಿದ್ದರು. ಅವರು ಕನ್ನಡ ಕಲಿತದ್ದು ಪುಸ್ತಕದಿಂದ. 'ಕೆಮ್ಮು ನಿನ್ನನ್ನು ಎಷ್ಟು ದಿನಗಳಿಂದ ಬಾಧಿಸುತ್ತಿದೆ?' ಎಂದು ಅವರು ಕೇಳಿದರೆ ನಮ್ಮ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ನನ್ನ ಸಿಡುಕನ್ನು ಐದು ವರ್ಷ ತಡೆದುಕೊಂಡ ಪುಣ್ಯಾತ್ಮಗಿತ್ತಿ ಅವರು.

ಐವತ್ತೈದರಲ್ಲಿ ಅವರ ಬಲಗೈ ನಡುಗಲು ಶುರುವಾಯಿತು. ಒಂದು ದಿನ ರೋಗಿಗಳೆಲ್ಲ ಹೋದ ಮೇಲೆ ನನ್ನನ್ನು ಒಳಗೆ ಕರೆದು ಮಂಚದ ಕೆಳಗಿನಿಂದ ಒಂದು ತಗಡಿನ ಟ್ರಂಕು ಎಳೆಸಿದರು. ಒಳಗೆ ಒಂದು ದಪ್ಪ ರಿಜಿಸ್ಟರು, ಯಾರೋ ಮಕ್ಕಳಿಗೆ ಸಂಬಂಧಿಸಿದ ಕಾಗದಗಳ ಕಟ್ಟು, ನೀಲಿ ರಟ್ಟಿನ ಒಂದು ನೋಟ್‌ಬುಕ್ಕು. ಇಂಡಿಯಾಕ್ಕೆ ಬರುವ ಮೊದಲು, ಮೂವತ್ತೊಂದರಿಂದ ಮೂವತ್ತೊಂಬತ್ತರವರೆಗೆ, ಅವರು ಕೆನಡಾದ ಉತ್ತರದಲ್ಲಿ ಒಂದು ಸರೋವರದ ದಡದ ಬೋರ್ಡಿಂಗ್ ಶಾಲೆಯಲ್ಲಿ ನರ್ಸಾಗಿದ್ದರಂತೆ. ಬಿಳಿಯರು ಹಡಗಿನಲ್ಲಿ ಬರುವುದಕ್ಕೆ ಮೊದಲಿನಿಂದಲೂ ಆ ನೆಲದಲ್ಲಿ ಇದ್ದ ಜನರ ಮಕ್ಕಳಿಗೆಂದು ಕಟ್ಟಿದ ಶಾಲೆ ಅದು. ಕಾಗದಗಳಲ್ಲಿ ಅವರನ್ನೂ ಇಂಡಿಯನ್ನರೆಂದೇ ಬರೆದಿತ್ತು. ನಾನು ನಕ್ಕೆ. ಮಿಸ್ಸಮ್ಮ ನಗಲಿಲ್ಲ.

"ಪ್ರತಿ ವರ್ಷವೂ ಚಳಿಗಾಲಕ್ಕೆ ಮುಂಚೆ ದೋಣಿಯು ಹೋಗುತ್ತಿತ್ತು" ಎಂದರು. "ತಂದೆತಾಯಿಗಳು ಕೊಡುವುದಿಲ್ಲ ಎಂದರೂ ಬಿಡುತ್ತಿರಲಿಲ್ಲ. ಆರು ವರ್ಷದ ಮಕ್ಕಳು, ಚನ್ನಕೇಶವ. ಬಂದ ಕೂಡಲೇ ಕೂದಲನ್ನು ಕತ್ತರಿಸಿ ಒಂದು ಸಂಖ್ಯೆಯನ್ನು ಕೊಡುತ್ತಿದ್ದರು."

ಆ ಮಕ್ಕಳು ಕ್ಷಯದಲ್ಲಿ ಸತ್ತರು, ದಡಾರದಲ್ಲಿ ಸತ್ತರು. ಓಡಿಹೋಗಲು ನೋಡಿ ಹಿಮದಲ್ಲಿ ಸತ್ತವರೂ ಇದ್ದರು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ, ಷರಾ ಎಂಬ ಕಡೇ ಕಾಲಮ್ಮಿನಲ್ಲಿ, ಒಂದೇ ಮಾತು ಇತ್ತು. ಡಿಸ್‌ಚಾರ್ಜ್ಡ್.

"ಸತ್ತ ಮಗೂಗೆ ಡಿಸ್‌ಚಾರ್ಜ್ ಅಂತ ಬರೆಯೋದಾ ಮಿಸ್ಸಮ್ಮ? ಯಾವ ಬೇವಾರ್ಸಿ ಬರೆದದ್ದು?" ಎಂದು ರೇಗಿದೆ.

"ಮೇಲಿನವರು ಬರೆಯಿಸಿದರು. ಕೆಳಗೆ ನಾನು ಸಹಿ ಮಾಡಿದೆನು" ಎಂದರು.

ಸಹಿ ಮಾಡಿ ಬಂದು ರೂಮಿನಲ್ಲಿ ಕೂತು ಅವರು ನೀಲಿ ನೋಟ್‌ಬುಕ್ಕಿನಲ್ಲಿ ನಿಜ ಬರೆದಿಡುತ್ತಿದ್ದರಂತೆ. ಯಾವ ಮಗು, ಯಾರ ಮಗು, ಯಾವ ಕಾಯಿಲೆ, ಯಾವ ದಿನ, ಮತ್ತು ಎಲ್ಲಿ ಹೂತದ್ದು. ಶಾಲೆಯ ಹಿಂದೆ ಬೇಲಿಯ ಒಳಗೆ ನಾಲ್ಕು ಸಾಲು. ಸಾಲಿನ ನಂಬರು, ಸಾಲಿನಲ್ಲಿ ಎಷ್ಟನೆಯದು ಎಂಬ ನಂಬರು. ಅಲ್ಲಿ ನೆಟ್ಟದ್ದು ಬರೀ ಕಟ್ಟಿಗೆಯ ಶಿಲುಬೆ, ಹೆಸರಿಲ್ಲದ್ದು. ಆ ನೋಟ್‌ಬುಕ್ಕು ಹೋದರೆ ಯಾವ ಮಗು ಎಲ್ಲಿದೆ ಎಂದು ಹೇಳುವುದಕ್ಕೆ ಪ್ರಪಂಚದಲ್ಲಿ ಬೇರೆ ಕಾಗದ ಇರಲಿಲ್ಲ.

ಅದನ್ನು ಟೈಪು ಮಾಡುವುದು ನನ್ನ ಕೆಲಸವಾಯಿತು. ಮೊದಲ ಇಪ್ಪತ್ತೊಂಬತ್ತು ಹೆಸರು ಮುಗಿಸಿ ಅವರ ದೇಶದ ಒಂದು ಕಚೇರಿಗೆ ಕಳಿಸಿದೆವು. ನಿಮ್ಮ ಪತ್ರವನ್ನು ಕಡತಕ್ಕೆ ಸೇರಿಸಿದೆ ಎಂದು ಎರಡು ಸಾಲಿನ ಉತ್ತರ ಬಂತು. ಮುಂದೇನಾಯಿತು ಎಂದು ಮತ್ತೆ ಬರೆದದ್ದಕ್ಕೆ ಅಂಥ ಯಾವ ಕಡತವೂ ಇಲ್ಲ ಎಂದು ಬಂತು. ಮಿಸ್ಸಮ್ಮ ಆ ಕಾಗದವನ್ನೂ ನಮ್ಮ ಟೈಪಿನ ನಕಲನ್ನೂ ಮಡಿಸಿ ಟ್ರಂಕಿಗೆ ಹಾಕಿ, ಇನ್ನು ಟೈಪು ಮಾಡುವುದು ಬೇಡ ಎಂದುಬಿಟ್ಟರು.

ಐವತ್ತೇಳರ ಶ್ರಾವಣದಲ್ಲಿ ಅವರು ಹಾಸಿಗೆ ಹಿಡಿದರು. ಕಡೆಯ ವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಟೈಪ್‌ರೈಟರನ್ನು ನೀನು ಇಟ್ಟುಕೋ. ಪೆಟ್ಟಿಗೆಯನ್ನು ಕಾಯು. ಕಚೇರಿಗೆ ಕೊಡಬೇಡ. ಒಂದು ಮಗುವಿನ ಹೆಸರು ಹಿಡಿದು ಯಾರು ಕೇಳುತ್ತಾರೋ ಅವರಿಗೆ ಹೇಳು. ಕೇಳುವವರು ಬಂದೇ ಬರುವರು" ಎಂದರು.

"ಆಯ್ತು ಮಿಸ್ಸಮ್ಮ, ನನ್ ಜವಾಬ್ದಾರಿ" ಎಂದೆ. ಹಾಗೆ ಹೇಳುವಾಗ ಅದು ನಿಜವೇ ಆಗಿತ್ತು.

ಅವರು ಹೋದ ಮೇಲೆ ಡಿಸ್ಪೆನ್ಸರಿ ಮುಚ್ಚಿತು. ಟ್ರಂಕನ್ನು ಗಾಡಿಯಲ್ಲಿ ಮನೆಗೆ ತಂದು ಅಟ್ಟಕ್ಕೆ ಏರಿಸಿದೆ. ಮರುವರ್ಷ ನನಗೆ ಜಾಲಹಳ್ಳಿಯ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಕೆಲಸ ಸಿಕ್ಕಿತು. ಬೆಳಗ್ಗೆ ಸೈಕಲ್ ತುಳಿದುಕೊಂಡು ಹೋಗುವುದು, ಸೈರನ್ ಊದುವುದರೊಳಗೆ ಗೇಟಿನಲ್ಲಿರುವುದು, ಸಂಜೆ ಸುಸ್ತಾಗಿ ಬರುವುದು. ಕೇಳುವವರು ಯಾರೂ ಬರಲಿಲ್ಲ. ಒಂದು ವರ್ಷ ಟ್ರಂಕು ನೆನಪಿತ್ತು, ಎರಡನೇ ವರ್ಷ ಆಗಾಗ ನೆನಪಿತ್ತು. ಆಮೇಲೆ ಅಟ್ಟದ ಮೇಲಿನ ಹಳೇ ನೊಗ, ಬಾವಿ ನೀರೆತ್ತುವ ಕಪಿಲೆಯ ಒಡೆದ ಗಾಲಿಗಳ ಜೊತೆ ಅದೂ ಒಂದು ಸಾಮಾನಾಯಿತು.

ಇಲ್ಲಿ ನಮ್ಮವ್ವನ ವಿಷಯ ಹೇಳಬೇಕು. ಅವ್ವನ ಹೆಸರು ದೊಡ್ಡಮುನಿಯಮ್ಮ. ಅವಳಿಗೆ ಓದು ಬಾರದು, ಆದರೆ ಕಾಗದದ ಬೆಲೆ ಅವಳಷ್ಟು ತಿಳಿದವರು ಆ ಸೀಮೆಯಲ್ಲಿ ಇರಲಿಲ್ಲ. ಹಳೇ ಕಾಗದವನ್ನು ನಾಲ್ಕು ದಿನ ನೀರಲ್ಲಿ ನೆನೆಹಾಕಿ, ನೆಂದ ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಮಡಕೆಯ ಮೇಲೆ ಮೆತ್ತಿ ಒಣಗಿಸಿದರೆ ಪುಟ್ಟಿಯಾಗುತ್ತದೆ. ರಾಗಿಹಿಟ್ಟು ಹಾಕಿಡಬಹುದು, ಕಾಳು ಹಾಕಿಡಬಹುದು, ಮೆಂತ್ಯದ ಕಹಿಗೆ ಹುಳ ಹತ್ತಿರ ಸುಳಿಯುವುದಿಲ್ಲ. ನಮ್ಮ ಕಡೆಯ ಎಲ್ಲ ಹೆಂಗಸರೂ ಮಾಡುತ್ತಿದ್ದರು, ಆದರೆ ಅವ್ವನ ಪುಟ್ಟಿಯ ಬಿಗಿಯೇ ಬೇರೆ. ಬೀಗರು ಬಂದರೆ ಕೇಳಿ ಇಸಿದುಕೊಂಡು ಹೋಗುತ್ತಿದ್ದರು. ನನ್ನ ಹಳೇ ನೋಟ್‌ಬುಕ್ಕುಗಳೆಲ್ಲ ಹೀಗೇ ಪುಟ್ಟಿಯಾದವು, ಅದಕ್ಕಾಗಿ ನಾನೇನೂ ಅತ್ತವನಲ್ಲ.

ಅರವತ್ತೊಂದರಲ್ಲಿ, ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಒಂದು ಬೆಳಗ್ಗೆ ನನ್ನ ಸೈಕಲ್ಲಿನ ಟೈರಿನಲ್ಲಿ ಗಾಳಿ ಇಳಿದಿತ್ತು. ಹೊತ್ತಾಗಿತ್ತು, ಹಿಂದಿನ ವಾರವೇ ತಡವಾಗಿ ಬಂದೆನೆಂದು ಮೇಲಿನವನು ಎಲ್ಲರೆದುರು ಗದರಿದ್ದ. ನಾನು ಪಂಪು ಒತ್ತುತ್ತಾ ಬೈಯುತ್ತಾ ಕೂತಿದ್ದಾಗ ಅವ್ವ ಬಾಗಿಲಿಗೆ ಬಂದಳು.

"ಚನ್ನಾ, ಅಟ್ಟದ್ ಮ್ಯಾಲೆ ಗೋಡೆಗುಂಟ ಗೆದ್ದಲು ಬಂದೈತೆ ಕಣ್ಲಾ. ಆ ಮಿಸ್ಸಮ್ಮನ್ ಪೆಟ್ಟಿಗೆಗೂ ಅತ್ಕೊಂಡೈತೆ."

ನಾನು ಪಂಪು ಜೋರಾಗಿ ಒತ್ತಿದೆ.

"ಒಳ್ಳೆ ದಪ್ಪ ಕಾಗ್ದ, ಸುಮ್ಕೆ ಗೆದ್ದಲು ತಿಂದೋತದೆ. ಬೇಕೇನ್ಲಾ ಅದು?"

"ಸುಮ್ನಿರವ್ವ."

"ಅಲ್ಲ, ಬೇಕೋ ಬ್ಯಾಡ್ವೋ ಒಂದ್ ಮಾತ್ ಏಳು, ನಾನ್ ಇವತ್ತೇ—"

"ಅಯ್ಯೋ ನಿನ್ನ! ಏನಾದ್ರೂ ಮಾಡ್ಕೊ, ನನ್ ತಲೆ ತಿನ್ಬೇಡ!" ಎಂದು ಅರಚಿ ಸೈಕಲ್ ಹತ್ತಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನಗೆ ಆಡಿದ್ದು ಕೂಡ ಸಂಜೆಗೆ ನೆನಪಿರಲಿಲ್ಲ. ಆ ವಾರ ಹಿತ್ತಲಲ್ಲಿ ಕಾಗದ ನೆಂದದ್ದನ್ನು ನೋಡಿದೆ, ಒರಳಿನ ಸದ್ದು ಕೇಳಿದೆ, ಅಂಗಳದಲ್ಲಿ ಆರು ಪುಟ್ಟಿಗಳು ಸಾಲಾಗಿ ಒಣಗುವಾಗ ಅವುಗಳ ಪಕ್ಕದಲ್ಲೇ ನಿಂತು ಹಲ್ಲುಜ್ಜಿದೆ. ಕಾಗದ ಎಲ್ಲಿಂದ ಬಂತೆಂದು ಕೇಳುವ ಬುದ್ಧಿ ಬರಲಿಲ್ಲ. ಮನೆಯಲ್ಲಿ ಪುಟ್ಟಿ ಮಾಡುವುದು ವರ್ಷವರ್ಷದ ಕೆಲಸ, ಅದರಲ್ಲಿ ನೋಡುವುದೇನಿದೆ?

ಅರವತ್ತೆರಡರ ಜೂನಿನಲ್ಲಿ ಕೇಳುವವರ ಕಾಗದ ಬಂತು.

ತಂದವರು ಹೆಬ್ಬಾಳದ ಪೋಸ್ಟ್‌ಮ್ಯಾನ್ ರಹಮತುಲ್ಲಾ ಸಾಹೇಬರು. ಭಾನುವಾರವಾದರೂ ನಮ್ಮ ಊರಿಗೇ ಸೈಕಲ್ ತುಳಿದುಕೊಂಡು ಬಂದಿದ್ದರು. ಲಕೋಟೆಯ ಮೇಲೆ 'ನರ್ಸ್ ಹಾರ್‌ಗ್ರೀವ್, ಬ್ಯಾಂಗಲೋರ್, ಇಂಡಿಯಾ' ಎಂದಷ್ಟೇ ಇತ್ತು. ಸುತ್ತಲೂ ಹತ್ತು ಅಂಚೆಯ ಮುದ್ರೆಗಳು.

"ಮೂರ್ ತಿಂಗ್ಳು ಊರೆಲ್ಲಾ ಸುತ್ತಿ ನನ್ ಕೈಗೆ ಬಂದೈತೆ ಚನ್ನಪ್ಪ" ಎಂದರು. "ವಾಪಸ್ ಕಳ್ಸಿ ಅಂದ್ರು ಪೋಸ್ಟ್ ಮಾಸ್ಟ್ರು. ನಾನಂದೆ, ಬ್ಯಾಡ ಸ್ವಾಮಿ, ಮಿಸ್ಸಮ್ಮನ ಗುಮಾಸ್ತರು ಬದುಕವ್ರೆ, ಕೊಟ್ಟು ಬರ್ತೀನಿ. ಯಾರೋ ಪಾಪ ಕಷ್ಟದಲ್ಲಿ ಬರೆದಂಗೈತೆ ನೋಡಿ."

ಜಗಲಿಯ ಮೇಲೆ ಕೂತು ಒಡೆದೆ. ಇಂಗ್ಲಿಷಿನಲ್ಲಿತ್ತು, ಮಕ್ಕಳ ಹಾಗೆ ದುಂಡಗಿನ ಅಕ್ಷರ. ಅದು ಹೇಳಿದ್ದು ಇಷ್ಟು.

'ನನ್ನ ಹೆಸರು ಜೋನಾ ವಾಬನೋ. ನನಗೆ ಇಂಗ್ಲಿಷ್ ಬರೆಯಲು ಬಾರದು, ತಮ್ಮನ ಮಗಳು ಬರೆಯುತ್ತಿದ್ದಾಳೆ. ಮೂವತ್ತಾರರಲ್ಲಿ ನಮ್ಮ ಮಗಳು ಹ್ಯಾನಾಳನ್ನು ದೋಣಿಯಲ್ಲಿ ಕರೆದೊಯ್ದರು. ಆಗ ಅವಳಿಗೆ ಏಳು ವರ್ಷ. ಮೂವತ್ತೆಂಟರ ಬೇಸಿಗೆಯಲ್ಲಿ ದೋಣಿ ಬಂದಾಗ ಬೇರೆ ಮಕ್ಕಳು ಇಳಿದರು, ಅವಳು ಇಳಿಯಲಿಲ್ಲ. ಕೇಳಿದ್ದಕ್ಕೆ ಡಿಸ್‌ಚಾರ್ಜ್ ಆಗಿದ್ದಾಳೆ ಎಂದರು. ಡಿಸ್‌ಚಾರ್ಜ್ ಆದವಳು ಮನೆಗೆ ಬರಬೇಕಲ್ಲವೇ? ಕಚೇರಿಗಳಿಗೆ ಬರೆದೆವು, ದಾಖಲೆ ಇಲ್ಲ ಎಂದರು. ಈಗ ಶಾಲೆ ಮುಚ್ಚಿದೆ. ಹಿಂದೆ ಬೇಲಿ ಇದೆ, ಹುಲ್ಲು ಇದೆ, ಶಿಲುಬೆ ಒಂದೂ ಇಲ್ಲ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿಯೊಬ್ಬಳು, ನರ್ಸಮ್ಮ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದರು, ಆಮೇಲೆ ಬೆಂಗಳೂರಿಗೆ ಹೋದರು ಎಂದಳು. ನನ್ನ ಹೆಂಡತಿಗೆ ಕಾಯಿಲೆ, ಇನ್ನು ಏಳುವುದಿಲ್ಲ. ಮಗಳ ಪಕ್ಕದಲ್ಲಿ ಮಲಗಬೇಕು ಎನ್ನುತ್ತಾಳೆ. ನಿಮ್ಮ ಮೇಲೆ ನಮಗೆ ಕೋಪವಿಲ್ಲ. ಎಲ್ಲಿ ಎಂದು ಹೇಳಿ, ಸಾಕು.'

ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಬಂದರಲ್ಲ ಮಿಸ್ಸಮ್ಮ, ನೀವು ಹೇಳಿದ ಹಾಗೇ ಬಂದರಲ್ಲ ಎಂದುಕೊಂಡು ಏಣಿ ಹಾಕಿ ಅಟ್ಟ ಹತ್ತಿದೆ. ಟ್ರಂಕು ಅಲ್ಲೇ ಇತ್ತು. ಬೀಗ ಇರಲಿಲ್ಲ. ಒಳಗೆ ನಮ್ಮ ಬಿತ್ತನೆ ರಾಗಿಯ ಮೂಟೆ ಇತ್ತು.

"ಅವ್ವಾ! ಇದರೊಳಗಿನ ಕಾಗದ ಎಲ್ಲವ್ವಾ?"

ಅವ್ವ ಒಲೆ ಮುಂದಿನಿಂದ ಎದ್ದು ಬಂದಳು. "ಪುಟ್ಟಿ ಮಾಡ್ದೆನಲ್ಲ ಮಗಾ, ಓದ್ ವರ್ಸ. ನೀನೇ ಏಳ್ದಲ್ಲ, ಏನಾದ್ರೂ ಮಾಡ್ಕೊ ಅಂತ."

ಏಣಿಯ ಮೇಲೆ ನಿಂತವನು ಇಳಿಯುವುದು ಹೇಗೆಂದು ಮರೆತೆ. ರಹಮತುಲ್ಲಾ ಸಾಹೇಬರು ಕೆಳಗಿನಿಂದ ಕೈ ಕೊಟ್ಟು ಇಳಿಸಿದರು.

ಆರು ಪುಟ್ಟಿಗಳಲ್ಲಿ ಮೂರು ಬೀಗರ ಮನೆಗೆ ಹೋಗಿದ್ದವು, ಒಂದು ಬಾಗಲಗುಂಟೆಯ ಚಿಕ್ಕಮ್ಮನಿಗೆ. ಮನೆಯಲ್ಲಿ ಉಳಿದದ್ದು ಎರಡು. ಅವರೆಕಾಳನ್ನು ನೆಲಕ್ಕೆ ಸುರುವಿ ಒಂದು ಪುಟ್ಟಿಯನ್ನು ಬಿಸಿಲಿಗೆ ಹಿಡಿದೆ. ಬೂದು ಬಣ್ಣದ ಮೈಯಲ್ಲಿ ಅಲ್ಲಲ್ಲಿ ನೀಲಿ ಛಾಯೆ ಇತ್ತು. ರಟ್ಟಿನದೋ ಮಸಿಯದೋ ಗೊತ್ತಾಗಲಿಲ್ಲ. ಒಂದು ಕಡೆ ಉಗುರಿನಷ್ಟು ಕಾಗದ ಕುಟ್ಟದೆ ಉಳಿದಿತ್ತು, ಅದರ ಮೇಲೆ ಮಿಸ್ಸಮ್ಮನ ಕೈಬರಹದ ಅರ್ಧ ಅಂಕಿ. ಮೂರೋ ಎಂಟೋ. ಹುಚ್ಚನ ಹಾಗೆ ಬೋಗುಣಿಗೆ ನೀರು ತುಂಬಿ ಪುಟ್ಟಿಯನ್ನು ಅದರಲ್ಲಿ ಮುಳುಗಿಸಿದೆ. ಮೆತ್ತಗಾದರೆ ಪದರ ಬಿಡಿಸಬಹುದು ಎಂದು. ಮಧ್ಯಾಹ್ನದವರೆಗೆ ಕೂತು ಬಿಡಿಸಿದೆ. ಕೈಗೆ ಬಂದದ್ದು ಮೆಂತ್ಯದ ವಾಸನೆಯ ಗಂಜಿ. ನೂರಾರು ಮಕ್ಕಳ ಹೆಸರು ನನ್ನ ಬೆರಳ ಸಂದಿಯಲ್ಲಿ ಇತ್ತು, ಒಂದನ್ನೂ ಓದಲಾಗಲಿಲ್ಲ.

ಸಾಹೇಬರು ಜಗಲಿಯ ಮೇಲೇ ಕೂತಿದ್ದರು. "ಕೆಟ್ಟ್ ಮೇಲೆ ಬುದ್ಧಿ ಬಂತು, ಅಟ್ಟ್ ಮೇಲೆ ಒಲೆ ಉರೀತು ಅಂತ ಸುಮ್ನೆ ಅಂದಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, "ಇದ್ದದ್ದು ಇದ್ದಂಗೆ ಬರೆದ್ಬಿಡಿ ಚನ್ನಪ್ಪ, ಅವ್ರೂ ಮನುಷ್ಯರೇ, ಅರ್ಥ ಮಾಡ್ಕೊಂತಾರೆ" ಎಂದು ಎದ್ದು ಹೋದರು.

ಬರೆಯಲು ಕೂತೆ. ನಾಲ್ಕು ದಿನ ಸಂಜೆ ಕಾರ್ಖಾನೆಯಿಂದ ಬಂದು ಮಿಸ್ಸಮ್ಮನ ಟೈಪ್‌ರೈಟರಿನ ಮುಂದೆ ಕೂತೆ. 'ಸನ್ಮಾನ್ಯ ವಾಬನೋ ಅವರಿಗೆ, ನಿಮ್ಮ ಮಗಳ ವಿವರ ಇದ್ದ ಪುಸ್ತಕವನ್ನು ನನ್ನ ತಾಯಿ ಕುಟ್ಟಿ ಪುಟ್ಟಿ ಮಾಡಿದ್ದಾಳೆ.' ಇದನ್ನು ಯಾವ ಭಾಷೆಯಲ್ಲಿ ಹೇಗೆ ಬರೆದರೂ ಒಂದೇ. ನಮ್ಮನ್ನು ಅವರು ಎಂಥ ಕಾಡುಜನ ಎಂದುಕೊಂಡಾರು ಎಂಬ ನಾಚಿಕೆಯೂ ಇತ್ತು, ಇಲ್ಲ ಎನ್ನುವುದಿಲ್ಲ. ಸಾಯುತ್ತಿರುವ ಹೆಂಗಸಿಗೆ ಇದನ್ನು ಓದಿ ಹೇಳುತ್ತಾರಲ್ಲ ಎಂಬ ಸಂಕಟ ಅದಕ್ಕಿಂತ ದೊಡ್ಡದಿತ್ತು. ಬರೆದದ್ದನ್ನೆಲ್ಲ ಹರಿದೆ.

ನಾಲ್ಕನೆಯ ಸಂಜೆ ಅವ್ವ ಬಂದು ನೆಲದ ಮೇಲೆ ಕೂತಳು. ಅಷ್ಟು ದಿನ ಅವಳೊಂದಿಗೆ ನಾನು ಮಾತು ಬಿಟ್ಟಿದ್ದೆ.

"ಆ ಕಾಗ್ದದಾಗೆ ಏನೈತೆ ಅಂತ ನಂಗೊಂದಿಷ್ಟು ಏಳ್ಲಾ" ಎಂದಳು. ಹೇಳಿದೆ. ದೋಣಿ, ಶಾಲೆ, ಹ್ಯಾನಾ, ಕಾಯಿಲೆಯ ತಾಯಿ, ಎಲ್ಲವನ್ನೂ ಹೇಳಿದೆ.

"ನಿನ್ ಬೆನ್ನಿಗೆ ಒಂದ್ ಎಣ್ ಕೂಸು ಉಟ್ಟಿತ್ತು, ನಿಂಗೆ ಗೊತ್ತಿಲ್ಲ" ಎಂದಳು. "ಮೂರ್ ತಿಂಗ್ಳಿಗೆ ಓಯ್ತು. ಕೂಸುಗೋಳ್ನ ಸುಡಾಕಿಲ್ವಲ್ಲ, ನಿಮ್ಮಪ್ಪ ತಗೊಂಡೋಗಿ ಕೆರೆ ಅಂಗಳದ್ ಮೇಲ್ಕಡೆ ಉಣಸೆ ಮರದ್ ತಾವ ಮಣ್ಮಾಡ್ದ. ಎಂಗಸ್ರು ಅತ್ಲಾಗ್ ಓಗ್ಬಾರ್ದು, ನಾನ್ ಒಂದ್ ದಿನಾನೂ ಓಗಿಲ್ಲ. ಆದ್ರೆ ಎಲ್ಲೈತೆ ಅಂತ ಗೊತ್ತು ಕಣ್ಲಾ. ಸೌದೆಗ್ ಓಗೋವಾಗ ಅತ್ತ ಒಂದ್ ದಪ ನೋಡ್ತೀನಿ, ಎದೆ ತಣ್ಣಗಾಯ್ತದೆ. ಗೊತ್ತಿಲ್ದೆ ಓಗಿದ್ರೆ ಉಚ್ಚಿ ಆಗ್ತಿದ್ದೆ ನಾನು."

"ಅದಕ್ಕೆ ನಾನೀಗ ಏನ್ ಮಾಡ್ಲಿ?" ಎಂದು ರೇಗಿದೆ.

"ನಿಂಗೇನೂ ಗೆಪ್ತಿ ಇಲ್ವಾ? ನೀನೇ ಟೈಪ್ ಒಡ್ದಿದ್ದಲ್ವಾ? ಗೆಪ್ತಿ ಇರೋದ್ನ ಬರ್ದಾಕು. ಸಾವ್ರ ಸುಳ್ ಏಳಿ ಒಂದ್ ಮದ್ವೆ ಮಾಡು ಅಂತಾರೆ. ಸಾಯೋ ಜೀವಕ್ಕೆ ಒಂದ್ ಮಾತು. ಆ ಎತ್ತವ್ವ ಬಾಯ್ಬಿಟ್ಕೊಂಡು ಕಾಯ್ತಾ ಅವ್ಳೆ ಕಣ್ಲಾ."

ನೆನಪು ಇಷ್ಟಿತ್ತು. ಹ್ಯಾನಾ ಎಂದು ಟೈಪು ಮಾಡಿದ ನೆನಪಿತ್ತು. ಮೂರನೇ ಸಾಲು, ಏಳನೆಯದು ಎಂದು ಟೈಪು ಮಾಡಿದ ನೆನಪೂ ಇತ್ತು. ಎರಡೂ ಒಂದೇ ಗೆರೆಯಲ್ಲಿ ಇದ್ದವೇ? ಅದು ನೆನಪಿರಲಿಲ್ಲ. ಕಣ್ಣು ಮುಚ್ಚಿ ಆ ಹಾಳೆಯನ್ನು ಕರೆದೆ. ಮೊದಮೊದಲು ಎರಡೂ ದೂರ ದೂರ ಇದ್ದವು. ಅವ್ವ ಅಲ್ಲೇ ಕೂತಿದ್ದಳು. ಮತ್ತೆ ಮತ್ತೆ ಕರೆದಾಗ ಒಂದೇ ಗೆರೆಗೆ ಬಂದವು. ಬೇಕಾದದ್ದು ಬೇಕಾದ ಹಾಗೆ ನೆನಪಿಗೆ ಬಂದಾಗ ಮನುಷ್ಯ ಸಂಶಯಪಡಬೇಕು. ನಾನು ಪಡಲಿಲ್ಲ.

'ನಿಮ್ಮ ಮಗಳು ಹ್ಯಾನಾ ಬೇಲಿಯ ಕಡೆಯಿಂದ ಮೂರನೇ ಸಾಲಿನಲ್ಲಿ ಏಳನೆಯವಳಾಗಿ ಮಲಗಿದ್ದಾಳೆ. ಅವಳ ಕಡೆಯ ದಿನ ನರ್ಸಮ್ಮ ಅವಳ ಪಕ್ಕದಲ್ಲಿದ್ದರು' ಎಂದು ಟೈಪು ಮಾಡಿದೆ. ಪಕ್ಕದಲ್ಲಿದ್ದರು ಎಂಬುದು ನನ್ನದೇ ಕೈಯ ಸೇರ್ಪಡೆ. ಕೆಳಗೆ ಸಹಿ ಹಾಕಿ, ಸಾಕ್ಷಿಗೆ ಇರಲಿ ಎಂದು ಡಿಸ್ಪೆನ್ಸರಿಯ ಹಳೇ ರಬ್ಬರ್ ಮುದ್ರೆಯನ್ನೂ ಒತ್ತಿದೆ. ಪೋಸ್ಟಿಗೆ ಹಾಕಿ ಬಂದ ದಿನ ಅವ್ವ ಪಾಯಸ ಮಾಡಿದಳು. ನಾನು ಎರಡು ಲೋಟ ಕುಡಿದು ನೆಮ್ಮದಿಯಾಗಿ ನಿದ್ದೆ ಮಾಡಿದೆ. ನಾಚಿಕೆಗೆಟ್ಟವನು.

ಒಂದೂವರೆ ವರ್ಷ ಏನೂ ಬರಲಿಲ್ಲ. ಅರವತ್ತಮೂರರ ಡಿಸೆಂಬರಿನಲ್ಲಿ ರಹಮತುಲ್ಲಾ ಸಾಹೇಬರು ನಗುತ್ತಾ ಬಂದರು.

"ನಿಮ್ ಹೆಸರಿಗೇ ಬಂದೈತೆ ಈ ಸಲ, ಊರ್ ಸುತ್ತಿಲ್ಲ" ಎಂದು ಕೊಟ್ಟರು.

ಅದೇ ದುಂಡಗಿನ ಅಕ್ಷರ.

'ಮಾನ್ಯರೇ, ನಿಮ್ಮ ಕಾಗದ ಬಂದಾಗ ನನ್ನ ಹೆಂಡತಿ ಬದುಕಿದ್ದಳು. ಮೂರು ಸಲ ಓದಿಸಿಕೊಂಡಳು. ನರ್ಸಮ್ಮ ಪಕ್ಕದಲ್ಲಿದ್ದರು ಎಂಬಲ್ಲಿ ಪ್ರತಿ ಸಲವೂ ಅತ್ತಳು. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ವಸಂತದಲ್ಲಿ ತೀರಿಕೊಂಡಳು. ಅಷ್ಟು ದೂರದ ಶಾಲೆಯ ಹಿತ್ತಲಲ್ಲಿ ಅವಳನ್ನು ಮಲಗಿಸಲು ನನಗೆ ಮನಸ್ಸು ಬರಲಿಲ್ಲ. ಹಿಮ ಕರಗಿದ ಮೇಲೆ ನಾನು, ನನ್ನ ತಮ್ಮ ಇಬ್ಬರೂ ದೋಣಿಯಲ್ಲಿ ಹೋದೆವು. ಮೂರನೇ ಸಾಲು, ಏಳನೆಯದು, ಹುಲ್ಲಿನ ಕೆಳಗೆ ಕುಸಿದ ಗುಳಿಗಳನ್ನು ಎಣಿಸಿ ಅಗೆದೆವು. ಅವಳು ಅಲ್ಲಿದ್ದಳು. ನನ್ನ ಕಂಬಳಿಯಲ್ಲಿ ಸುತ್ತಿಕೊಂಡು ಮನೆಗೆ ತಂದೆವು. ನಾವು ಅಂದುಕೊಂಡದ್ದಕ್ಕಿಂತ ಉದ್ದ ಇದ್ದಾಳೆ ಎಂದು ತಮ್ಮ ಹೇಳಿದ. ಎರಡು ವರ್ಷ ಕಣ್ಣಿಗೆ ಬಿದ್ದಿರಲಿಲ್ಲವಲ್ಲ, ಬೆಳೆದಿದ್ದಾಳೆ ಎಂದೆ. ಈಗ ತಾಯಿ ಮಗಳು ಒಟ್ಟಿಗೆ ಇದ್ದಾರೆ. ನಮ್ಮ ಮನೆಯ ಬಾಗಿಲಿಂದ ಕಾಣುತ್ತದೆ.'

ಅಲ್ಲಿಗೆ ನಿಲ್ಲಿಸಿ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ನಾನು ಹೇಳಿದ್ದು ಬರೀ ಒಂದು ಜಾಗ, ಅಲ್ಲಿ ಒಂದು ಹೂವಿಟ್ಟು ಕೈಮುಗಿದು ಬರುತ್ತಾರೆ ಎಂದುಕೊಂಡಿದ್ದೆ. ಅಗೆಯುತ್ತಾರೆ ಎಂದು ನನ್ನ ಮಂಕು ತಲೆಗೆ ಹೊಳೆದಿರಲಿಲ್ಲ.

ಕಾಗದ ಇನ್ನೂ ಇತ್ತು. 'ಇದನ್ನು ಕೇಳಿ ನಮ್ಮ ಸುತ್ತಿನ ಬೇರೆ ಮನೆಗಳವರೂ ಬಂದರು. ಅವರ ಮಕ್ಕಳೂ ಅದೇ ಶಾಲೆಯಿಂದ ಮರಳಲಿಲ್ಲ. ಇಂಡಿಯಾದಲ್ಲಿ ಒಬ್ಬರು ಎಲ್ಲವನ್ನೂ ಜೋಪಾನವಾಗಿ ಇಟ್ಟಿದ್ದಾರೆ, ಹೆಸರು ಹೇಳಿದರೆ ನೋಡಿ ತಿಳಿಸುತ್ತಾರೆ ಎಂದು ನಾನು ಹೇಳಿದ್ದೇನೆ. ಹನ್ನೊಂದು ಹೆಸರುಗಳನ್ನು ಕಳಿಸುತ್ತಿದ್ದೇನೆ. ನಿಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.'

ಹಿಂದೆ ಬೇರೆ ಹಾಳೆಯಲ್ಲಿ ಪಟ್ಟಿ ಇತ್ತು. ಹೆಸರು, ವಯಸ್ಸು, ದೋಣಿ ಹತ್ತಿದ ವರ್ಷ, ಗುರುತಿಗೆ ಒಂದೊಂದು ಮಾತು. ಒಬ್ಬಳಿಗೆ ಎಡಗಿವಿ ಕೇಳುತ್ತಿರಲಿಲ್ಲ. ಒಬ್ಬ ತೊದಲುತ್ತಿದ್ದ.

ಅವ್ವ ಅಂಗಳದಿಂದ ಕೈ ಒರೆಸಿಕೊಳ್ಳುತ್ತಾ ಬಂದಳು. "ಏನ್ಲಾ, ಅವ್ರುದಾ? ಏನ್ ಬರ್ದವ್ರೆ?"

"ಮಗಳ್ನ ಮನೇಗೆ ತಂದ್ರಂತೆ" ಎಂದೆ. ಇನ್ನೇನು ಹೇಳಲಿ?

ಅವ್ವ ಅಲ್ಲೇ ನಿಂತು ಎರಡೂ ಕೈ ಎತ್ತಿ ಮುಗಿದಳು. ಕಣ್ಣಲ್ಲಿ ನೀರು ಬಂದಿತ್ತು. "ನನ್ನಪ್ಪ, ನನ್ ಪಾಪ ಕಳೀತು ಕಣ್ಲಾ ಇವತ್ತು. ಇನ್ನೇನಂತೆ?"

"ಇನ್ನೂ ಹನ್ನೊಂದು ಮನೆಯವರು ಕೇಳ್ತಾವ್ರೆ."

"ಅವ್ರಿಗೂ ಬರ್ದಾಕು ಮತ್ತೆ! ಒಳ್ಳೇ ಕೆಲ್ಸ" ಎಂದು ಸಾಹೇಬರಿಗೆ ಕುಡಿಯಲು ಮಜ್ಜಿಗೆ ತರಲು ಒಳಗೆ ಹೋದಳು. ಸಾಹೇಬರು ನನ್ನ ಮುಖ ನೋಡಿದರು. ಅವರ ನಗು ನಿಂತಿತು.

ನಿಜ ಬರೆದರೆ ಆ ಮುದುಕ ತನ್ನ ಹೆಂಡತಿಯ ಪಕ್ಕವನ್ನು ಮತ್ತೆ ಅಗೆಯಬೇಕು. ಬರೆಯದಿದ್ದರೆ ಈ ಹನ್ನೊಂದು ಮನೆಯವರು ಅಂಚೆ ಕಾಯುತ್ತಾ ಕೂರಬೇಕು. ಸುಳ್ಳು ಬರೆದರೆ ಇನ್ನೂ ಹನ್ನೊಂದು ಗುಂಡಿ. ಸಿಟ್ಟು ಮಾಡೋಣವೆಂದರೆ ನನ್ನ ಹೊರತು ಯಾರ ಮೇಲೆ ಮಾಡಲಿ? ಟೈಪ್‌ರೈಟರಿಗೆ ಹಾಳೆ ಏರಿಸಿ ತಾರೀಕು ಹೊಡೆದೆ. ಮುಂದಿನ ಅಕ್ಷರಕ್ಕೆ ಬೆರಳು ಏಳಲಿಲ್ಲ. ಪಟ್ಟಿಯನ್ನು ಮತ್ತೆ ಓದತೊಡಗಿದೆ.

ನಾಲ್ಕನೆಯ ಹೆಸರು ಸೈಮನ್. ಹನ್ನೆರಡು ವರ್ಷ. ದೋಣಿ ಹತ್ತಿದ್ದು ಮೂವತ್ತಾರರಲ್ಲಿ. ವಯಸ್ಸಿಗೆ ಮೀರಿ ಉದ್ದ ಇದ್ದ, ಎಂದು ಗುರುತು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಸಾಲು: ಅವನ ತಾಯಿ ನಮ್ಮ ಪಕ್ಕದ ಮನೆಯವಳು, ಹ್ಯಾನಾಳ ಸಮಾಧಿಗೆ ದಿನಾ ನೀರು ಚಿಮುಕಿಸುವವಳು ಅವಳೇ, ದಯವಿಟ್ಟು ಮೊದಲು ಅವಳದನ್ನು ನೋಡಿ.